ಕಿವಿಗೆ ಹಾಕಿದ ಕೊಳೆ ಔಷಧ

ಕೋವಿಡ್ ಬಂದು ಹೋದ ಮೇಲಿನ ಎರಡನೆಯ ಮಳೆಗಾಲ ಅದು. ಸಿರ್ಸಿಯಲ್ಲಿ ಕಿವಿ, ಮೂಗು, ಗಂಟಲಿನ ವೈದ್ಯೆಯಾಗಿ ನನಗೆ ಇಪ್ಪತ್ತೊಂದನೆಯ ವರ್ಷ. ವಾರದಲ್ಲಿ ನಾಲ್ಕು ದಿನ ಸಿರ್ಸಿಯ ಆಸ್ಪತ್ರೆ, ಬುಧವಾರ ಸಿದ್ದಾಪುರ, ಶನಿವಾರ ಯಲ್ಲಾಪುರ. ಆ ಎರಡು ದಿನ ಬಸ್ಸಿನಲ್ಲೇ ಹೋಗುತ್ತಿದ್ದೆ. ಕಿಟಕಿಯ ಪಕ್ಕ ಕೂತರೆ ಬೆಳಗಿನ ಮಂಜಿನಲ್ಲಿ ಮುಂದೆ ರಸ್ತೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಣ್ಣು ತೆರೆದುಕೊಂಡೇ ಅರ್ಧ ನಿದ್ದೆ ಮಾಡುವ ವಿದ್ಯೆ ನನಗೆ ಒಲಿದದ್ದು ಆ ಬಸ್ಸುಗಳಲ್ಲಿ. ಆ ವರ್ಷದ ನೆನಪೂ ನನಗೆ ಹಾಗೇ ಬರುತ್ತದೆ, ಮಂಜಿನೊಳಗಿಂದ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ತಿಳಿನೀಲಿ ಬಣ್ಣ ಕಾಣುತ್ತದೆ, ಅದರ ಹಿಂದೆ ಚೌಡಪ್ಪನ ಮುಖ.

ನಾನು ಬನವಾಸಿ ಕಡೆಯವಳು. ಮಾತು ಜಾಸ್ತಿ. ರೋಗಿಗಳಿಗೆ ಬರೀ ಚೀಟಿ ಬರೆದು ಕಳಿಸುವುದು ನನ್ನಿಂದ ಆಗದ ಕೆಲಸ. ಟಾನ್ಸಿಲ್ ಎಂದರೆ ಊರಬಾಗಿಲಿನ ಕಾವಲುಗಾರ, ಮೂಗಿನ ಮೂಳೆ ಎಂದರೆ ಮನೆ ನಡುವಿನ ವಾಲಿದ ಗೋಡೆ ಎಂದು ಏನಾದರೊಂದು ಹೋಲಿಕೆ ಕೊಟ್ಟು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ‘ಡಾಕ್ಟ್ರಮ್ಮ ಹೇಳಿದ್ರೆ ದನಕರಕ್ಕೂ ತಿಳೀತದೆ’ ಎಂದು ಜನ ಅನ್ನುವಾಗ ನಾನು ಉಬ್ಬಿಹೋಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ.

ಆ ಮುಂಗಾರಿನ ಮೊದಲ ವಾರ ಸಿದ್ದಾಪುರದ ಹತ್ತಿರ ಬಿಳಗಿ ಕಡೆಯ ಒಂದು ಶಾಲೆಯಲ್ಲಿ ಕಿವಿ ತಪಾಸಣೆಯ ಶಿಬಿರ ಇಟ್ಟಿದ್ದೆವು. ನಮ್ಮ ಭಾಗದಲ್ಲಿ ಕಿವಿ ಸೋರುವುದು ಮನೆಮನೆಯ ಕಾಯಿಲೆ. ವೈದ್ಯಕೀಯದಲ್ಲಿ ಇದಕ್ಕೆ ಕ್ರಾನಿಕ್ ಸಪ್ಪುರೇಟಿವ್ ಓಟೈಟಿಸ್ ಮೀಡಿಯಾ ಎಂಬ ಉದ್ದ ಹೆಸರಿದೆ. ಕಿವಿಯ ತಮಟೆಯಲ್ಲಿ ತೂತಾಗಿರುತ್ತದೆ. ಅದರ ಹಿಂದಿನ ಪುಟ್ಟ ಕೋಣೆ, ಅಂದರೆ ಮಧ್ಯಕಿವಿ, ವಾರಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಕೀವು ಸುರಿಸುತ್ತದೆ. ಮಳೆನೀರು ಹೊಕ್ಕರೆ ಮತ್ತೂ ಜೋರು. ನೋವಿರುವುದಿಲ್ಲವಾದ್ದರಿಂದ ಜನ ಹತ್ತಿ ತುರುಕಿಕೊಂಡು ಕೆಲಸಕ್ಕೆ ಹೋಗುತ್ತಾರೆ.

ಅವತ್ತು ಶಾಲೆಯ ಜಗಲಿಯಲ್ಲಿ ನಿಂತು ನಾನು ಹೇಳಿದ್ದು ಇಷ್ಟು: “ನಿಮ್ಮ ಅಡಿಕೆಗೆ ಕೊಳೆರೋಗ ಬರ್ತದಲ್ರಿ? ಇದು ಕಿವಿ ಕೊಳೆ ಅಂತ ತಿಳ್ಕೊಳ್ರಿ. ಔಷಧ ಹೊಡೀದೇ ಅಡಿಕಿ ಬಿಡ್ತೀರೇನು? ಕಿವಿಗೂ ಹಂಗ. ಆಂಟಿಸೆಪ್ಟಿಕ್ ಬಿದ್ರ ಕೊಳೆ ನಿಲ್ತದ.”

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಅಲ್ಲಿ ಸೇರಿದವರೆಲ್ಲ ಅಡಿಕೆಯ ನಂಟಿನವರೇ. ಮಳೆಗಾಲದ ಶುರುವಿಗೆ ಒಮ್ಮೆ, ನಡುವೆ ಇನ್ನೊಮ್ಮೆ ಮರದ ತುದಿಗೆ ಬೋರ್ಡೋ ದ್ರಾವಣ ಸಿಂಪಡಿಸದೆ ಇದ್ದರೆ ಎಳೆಗಾಯಿಗಳೆಲ್ಲ ಕೊಳೆತು ಉದುರುತ್ತವೆ. ಮೈಲುತುತ್ತ ಮತ್ತು ಸುಣ್ಣವನ್ನು ಬೇರೆಬೇರೆ ಕರಗಿಸಿ ಬೆರೆಸಿದ ನೀಲಿ ನೀರು ಅದು. ಊರವರ ಬಾಯಲ್ಲಿ ಕೊಳೆ ಔಷಧ.

ಅವತ್ತು ನೋಡಿದ ಕಿವಿಗಳಲ್ಲಿ ಚೌಡಪ್ಪನದೂ ಒಂದು. ನಲವತ್ತೆರಡು ವರ್ಷದ ಕೊನೆಗೌಡ. ಅಡಿಕೆ ಮರ ಹತ್ತಿ ಔಷಧ ಹೊಡೆಯುವುದು, ಕೊಯ್ಲಿನಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವುದು ಅವನ ವೃತ್ತಿ. ಒಂದು ಮರ ಹತ್ತಿದರೆ ಅವನು ಇಳಿಯುವವನಲ್ಲ. ತುದಿಯಲ್ಲೇ ಜೋಲಿ ಹೊಡೆದು ಪಕ್ಕದ ಮರ ಹಿಡಿದು, ಅಲ್ಲಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತಾನೆ. ಎಡಕಿವಿಯ ತಮಟೆಯಲ್ಲಿ ಮೆಣಸಿನ ಕಾಳಿನಷ್ಟು ತೂತು, ಆದರೆ ಕೇಳಿಸುವುದಕ್ಕೆ ದೊಡ್ಡ ತೊಂದರೆ ಇರಲಿಲ್ಲ. ಕಿವಿ ಒರೆಸಿ, ಆಂಟಿಬಯೋಟಿಕ್ ಹನಿಯ ಒಂದು ಬಾಟಲಿ ಕೊಟ್ಟು, ಎರಡು ವಾರ ಬಿಟ್ಟು ಸಿದ್ದಾಪುರಕ್ಕೆ ಬರಲು ಹೇಳಿದೆ. ಅವನು ತಲೆ ಆಡಿಸಿದ. ಬರಲಿಲ್ಲ. ಇಂಥವರು ಎಷ್ಟೋ ಜನ, ನಾನು ಮರೆತುಬಿಟ್ಟೆ.

ಶ್ರಾವಣದ ಒಂದು ಬುಧವಾರ ಅವನು ಬಂದ. ಸಿದ್ದಾಪುರದ ಕೋಣೆಯ ಬಾಗಿಲಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದ; ಇನ್ನೊಂದು ಕೈ ಹೆಂಡತಿ ಪಾರ್ವತಿಯ ಹೆಗಲ ಮೇಲೆ. ಜಾರುವ ನೆಲವನ್ನು ಪಾದದಿಂದ ಮುಟ್ಟಿ ಮುಟ್ಟಿ ನೋಡುವವನ ಹಾಗೆ ಒಳಗೆ ಬಂದು ಕುಳಿತ. ಕಿವಿಯಲ್ಲಿ ಹತ್ತಿ ಇತ್ತು. ತೆಗೆದೆ. ಹತ್ತಿ ನೀಲಿ.

“ಏನ್ ಹಾಕೀರಿ ಕಿವ್ಯಾಗ?”

ಅವನು ಹೆಂಡತಿಯ ಮುಖ ನೋಡಿದ. ಅವಳೇ ಹೇಳಿದಳು: “ಕೊಳೆ ಔಷಧ ಹಾಕ್ಯಾರೆ, ಅಮ್ಮ. ನಾಕು ದಿನ.”

ನನಗೆ ಪಿತ್ತ ನೆತ್ತಿಗೇರಿತು. ತಲೆ ಕೆಟ್ಟದೆಯೇನು, ಅದು ವಿಷ ಅಲ್ಲವೇನು, ಯಾವ ಪುಣ್ಯಾತ್ಮ ಹೇಳಿಕೊಟ್ಟ ನಿಮಗೆ ಇದನ್ನ ಎಂದು ಹೊರಗೆ ಸಾಲಿನಲ್ಲಿ ಕೂತವರಿಗೂ ಕೇಳುವ ಹಾಗೆ ಕೂಗಾಡಿದೆ. ನನ್ನ ಕೂಗು ಮುಗಿಯುವ ತನಕ ಚೌಡಪ್ಪ ಕಾದ. ಆಮೇಲೆ ಯಾವ ಆಕ್ಷೇಪವೂ ಇಲ್ಲದ ದನಿಯಲ್ಲಿ ಹೇಳಿದ: “ನೀವೇ ಹೇಳಿದ್ರಲ್ರಾ ಡಾಕ್ಟ್ರೆ. ಶಾಲೆ ಜಗಲಿ ಮೇಲೆ.”

ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ಅದರ ಸದ್ದು ಬಹಳ ದೂರದಿಂದ ಬಂದ ಹಾಗೆ ಕೇಳಿಸಿದ್ದು ನನಗಿನ್ನೂ ನೆನಪಿದೆ.

ನಡೆದದ್ದು ಹೀಗೆ. ನಾನು ಕೊಟ್ಟ ಹನಿ ಮುಗಿದಿತ್ತು, ಕಿವಿ ಮತ್ತೆ ಸೋರತೊಡಗಿತ್ತು. ಎರಡನೆಯ ಸಲದ ಔಷಧ ಹೊಡೆಯುವ ಕಾಲ; ಮಳೆ ಬಿಟ್ಟ ಹೊತ್ತು, ಅವರು ಹೊಳವು ಅನ್ನುವುದು, ದಿನಕ್ಕೆ ಎರಡು ಗಂಟೆ ಸಿಕ್ಕರೆ ಹೆಚ್ಚು. ಅದನ್ನು ಬಿಟ್ಟು ಪೇಟೆಗೆ ಬರುವುದು ಅವನಿಂದ ಆಗಲಿಲ್ಲ. ಎದುರಿಗೇ ಪೀಪಾಯಿ ತುಂಬ ನೀಲಿ ನೀರಿತ್ತು, ತಲೆಯಲ್ಲಿ ನನ್ನ ಮಾತಿತ್ತು. ಅವನು ಕಣ್ಣುಮುಚ್ಚಿ ಸುರಿದುಕೊಂಡವನೂ ಅಲ್ಲ. ಬಟ್ಟೆಯಲ್ಲಿ ಸೋಸಿದ. ಒಂದು ಪಾಲಿಗೆ ಮೂರು ಪಾಲು ಕಾಯಿಸಿ ಆರಿಸಿದ ನೀರು ಬೆರೆಸಿದ. ಬೆರೆಸುವ ಮೊದಲು ಕತ್ತಿಯಿಂದ ಪರೀಕ್ಷೆಯನ್ನೂ ಮಾಡಿದ್ದ.

“ಎಂತಾ ಪರೀಕ್ಷೆ?” ಎಂದು ನಾನೂ ಅವನ ಭಾಷೆಯಲ್ಲೇ ಕೇಳಿದೆ.

“ಉಜ್ಜಿದ ಕತ್ತಿ ಔಷಧದಲ್ಲಿ ಅದ್ದಿ ತೆಗೆಯದು ಡಾಕ್ಟ್ರೆ. ಕತ್ತಿಗೆ ಕೆಂಪು ಹತ್ತಿದ್ರೆ ಸುಣ್ಣ ಸಾಲ್ಲಿಲ್ಲ ಅಂತ ಲೆಕ್ಕ. ಹಂಗೇ ಹೊಡೆದ್ರೆ ಕೊನೆ ಸುಟ್ಟು ಹೋಗ್ತದೆ. ಕೆಂಪು ಹತ್ಲಿಲ್ಲ, ನಾನು ನೋಡಿನೇ ಹಾಕಿದ್ದು.” ಸ್ವಲ್ಪ ತಡೆದು ಸೇರಿಸಿದ: “ಮತ್ತೆ ಅದು ಕೆಲಸ ಮಾಡ್ತು. ಎರಡೇ ದಿನಕ್ಕೆ ಸೋರದು ನಿಂತೇ ಹೋತು.”

ಸೋರುವುದು ನಿಂತದ್ದು ನಿಜ. ಮೂರನೆಯ ದಿನ ಕಿವಿಯೊಳಗೆ ಜೀರುಂಡೆ ಕೂಗಿದಂಥ ಸದ್ದು ಶುರುವಾಯಿತು. ನಾಲ್ಕನೆಯ ದಿನ ಹಾಕಿಕೊಂಡು ಮರ ಹತ್ತಿದ್ದಾನೆ. ತುದಿಯಲ್ಲಿ ಇರುವಾಗ ಮರ ನಿಂತೇ ಇತ್ತಂತೆ, ಆಕಾಶ ಮೆಲ್ಲಗೆ ತಿರುಗಿತಂತೆ. “ಹೆದರಿಕೆ ಆಗ್ಲಿಲ್ಲ. ತೊಟ್ಲಲ್ಲಿ ಹಾಕಿ ತೂಗಿದ ಹಂಗಾತು. ಕೈ ಬಿಟ್ರೂ ತೇಲ್ತೆ ಅಂತ ಅನ್ನಿಸ್ತು,” ಎಂದ. ಇದನ್ನು ಹೇಳುವಾಗ ಅವನ ಮುಖದಲ್ಲಿ ಒಂದು ಥರದ ಸುಖವಿತ್ತು.

ಅವನ ಸೊಂಟದಿಂದ ಇಳಿಬಿಟ್ಟ ಹಗ್ಗವನ್ನು ಕೆಳಗೆ ಹಿಡಿದಿದ್ದವಳು ಪಾರ್ವತಿ. ಆ ಕೆಲಸಕ್ಕೆ ಹೆಂಗಸರು ನಿಲ್ಲುವುದು ನಮ್ಮಲ್ಲಿ ಅಪರೂಪ. ಇವರದು ಹದಿನಾರು ವರ್ಷದ ಜೋಡಿ. ಮೇಲಿನವನು ‘ಹೋ’ ಅಂದರೆ ಕೆಳಗಿನವಳು ‘ಹೋ’ ಅನ್ನಬೇಕು, ಎರಡು ಹೋ ಸೇರದೆ ಮೇಲಿನವನು ಮರ ದಾಟುವ ಹಾಗಿಲ್ಲ, ಕೊಯ್ಲಿನಲ್ಲಾದರೆ ಹಗ್ಗದ ಮೇಲೆ ಕೊನೆ ಜಾರಿಸುವ ಹಾಗಿಲ್ಲ. ಅವಳು ಮೂರು ಸಲ ಕೂಗಿದರೂ ಮೇಲಿಂದ ಉತ್ತರ ಬರಲಿಲ್ಲ. ಆಗ ಅವಳು ಕೂಗುವುದು ಬಿಟ್ಟು ಹಗ್ಗವನ್ನು ಜಗ್ಗಿದಳಂತೆ. ಆ ಜಗ್ಗಿಗೆ ಅವನಿಗೆ ಎಚ್ಚರ ಬಂತು. ಮರವನ್ನು ತಬ್ಬಿ ಜಾರಿ ಇಳಿದ. ಎದೆ ಪೂರ್ತಿ ತರಚಿತ್ತು.

ಅಲ್ಲೇ ಸಕ್ಷನ್ ಹಾಕಿ ಕಿವಿ ಶುಚಿ ಮಾಡಿ, ನನ್ನ ಜೊತೆಗೇ ಸಿರ್ಸಿಗೆ ಕರೆತಂದು ಸೇರಿಸಿಕೊಂಡೆ. ಸೂಕ್ಷ್ಮದರ್ಶಕದಲ್ಲಿ ಮಧ್ಯಕಿವಿಯ ಗೋಡೆ ಸುಟ್ಟು ಬಿಳಚಿತ್ತು, ಮೇಲೆ ನೀಲಿ ಹೊಪ್ಪಳೆ. ಅವನ ಕಣ್ಣುಗುಡ್ಡೆಗಳು ತಾವಾಗಿಯೇ ಒಂದು ಬದಿಗೆ ಸರಿದು ತಟ್ಟನೆ ಮರಳುತ್ತಿದ್ದವು. ಇದಕ್ಕೆ ನಿಸ್ಟಾಗ್ಮಸ್ ಎನ್ನುತ್ತೇವೆ, ಒಳಕಿವಿಗೆ ಪೆಟ್ಟು ಬಿದ್ದಿರುವುದರ ಗುರುತು. ಮಧ್ಯಕಿವಿಗೂ ಒಳಕಿವಿಗೂ ನಡುವೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಕಿಟಕಿ ಇದೆ, ಅದಕ್ಕೆ ತೆಳುವಾದ ಪೊರೆಯ ಬಾಗಿಲು. ತಮಟೆ ಗಟ್ಟಿಯಿದ್ದರೆ ಹೊರಗೆ ಹಾಕಿದ್ದು ಅಲ್ಲಿಗೆ ತಲುಪುವುದಿಲ್ಲ. ತೂತಿದ್ದರೆ ತಲುಪುತ್ತದೆ. ಅಲ್ಲಿಂದಾಚೆ ಇರುವುದು ಕೇಳುವ ನರದ ತುದಿಗಳು ಮತ್ತು ಮೈಯ ಸಮತೋಲ ಕಾಯುವ ಅಂಗ. ಎರಡನ್ನೂ ಒಮ್ಮೆ ಸುಟ್ಟರೆ ಮತ್ತೆ ಚಿಗುರುವುದಿಲ್ಲ.

ಹುಬ್ಬಳ್ಳಿಯಲ್ಲಿರುವ, ಕಾಲೇಜಿನಲ್ಲಿ ನನಗಿಂತ ಹಿರಿಯರಾಗಿದ್ದ ವೈದ್ಯರೊಬ್ಬರಿಗೆ ಫೋನ್ ಮಾಡಿದೆ. ಮೈಬಿಸಿಯ ಸಲೈನಿನಲ್ಲಿ ತೊಳೆದು, ಒಳಕಿವಿಗೆ ಹಾನಿಯಿಲ್ಲದ ಹನಿ, ಸ್ಟೀರಾಯ್ಡ್ ಮಾತ್ರೆ, ವಿಶ್ರಾಂತಿ. ನಾನು ಶುರುಮಾಡಿದ್ದನ್ನೇ ಅವರೂ ಹೇಳಿದರು. ತಲೆಸುತ್ತಿನ ಜೊತೆ ಬರುತ್ತಿದ್ದ ವಾಂತಿ ಆರನೆಯ ದಿನ ನಿಂತಿತು. ಶ್ರವಣ ಪರೀಕ್ಷೆಯ ಗಾಜಿನ ಕೋಣೆಯಲ್ಲಿ ಕೂರಿಸಿ ಎಡಕಿವಿಗೆ ಒಂದೊಂದೇ ಸ್ವರ ಕಳಿಸಿದೆವು. ಕೇಳಿದರೆ ಬೆರಳೆತ್ತಬೇಕು. ಅವನು ಕಣ್ಣು ಮುಚ್ಚಿ, ಮುಗುಳ್ನಗುತ್ತ, ಧ್ಯಾನಕ್ಕೆ ಕೂತವರ ಹಾಗೆ ಕೂತೇ ಇದ್ದ. ಬೆರಳು ಏಳಲೇ ಇಲ್ಲ.

ಆ ದಿನಗಳಲ್ಲಿ ನನಗೆ ಬೇರೊಂದು ಭಯ ಹಿಡಿಯಿತು. ಅದೇ ಹೋಲಿಕೆಯನ್ನು ನಾನು ಎಷ್ಟು ಕಡೆ ಹೇಳಿದ್ದೆ? ತ್ಯಾಗಲಿಯ ಹತ್ತಿರ ಒಂದು ಶಿಬಿರದಲ್ಲಿ, ಯಲ್ಲಾಪುರದಲ್ಲಿ ಎರಡು ಸಲ. ಶನಿವಾರ ಯಲ್ಲಾಪುರಕ್ಕೆ ಹೋದವಳು ಬಂದ ಪ್ರತಿಯೊಬ್ಬರನ್ನೂ ವಿಚಾರಿಸಿದೆ, ಆಶಾ ಕಾರ್ಯಕರ್ತೆಯರಿಗೆ ಹೇಳಿ ಕಳಿಸಿದೆ. ಮುಂದಿನ ಶನಿವಾರ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಚಿಕ್ಕ ಸೀಸೆ ಮೇಜಿನ ಮೇಲಿಟ್ಟಳು. ಒಳಗೆ ಅದೇ ತಿಳಿನೀಲಿ. “ಹಾಕಿಲ್ಲಮ್ಮ, ಮಗಳು ಬರ್ಲಿ ಅಂತ ಕಾಯ್ತಿದ್ದೆ,” ಎಂದಳು. ಆ ಮಗಳು ತಡಮಾಡಿದ್ದಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಹಳೆಯ ಪುಸ್ತಕಗಳನ್ನು, ಹೊಸ ಲೇಖನಗಳನ್ನು ಮತ್ತೆ ತೆರೆದು ಕೂತೆ. ಕಿವಿಗೆ ಆಂಟಿಸೆಪ್ಟಿಕ್ ಬಳಸುವುದು ತಪ್ಪೇನಲ್ಲ. ತೆಳುಮಾಡಿದ ಪೊವಿಡೋನ್ ಅಯೋಡಿನ್, ಬೋರಿಕ್ ಪುಡಿ, ಅಸಿಟಿಕ್ ಆ್ಯಸಿಡ್ ಹನಿ, ಇವೆಲ್ಲ ಬಹಳ ಕಾಲದಿಂದ ಇವೆ, ನಾನೂ ಬಳಸಿದ್ದೇನೆ. ಅಗ್ಗ, ಎಲ್ಲ ಕಡೆ ಸಿಗುತ್ತವೆ, ಕೆಲವರಿಗೆ ಕಿವಿ ಒಣಗುತ್ತದೆ. ಆದರೆ ಆಂಟಿಬಯೋಟಿಕ್ ಹನಿಯ ಎದುರು ಎಷ್ಟು ಗುಣ, ತೂತು ತಮಟೆಯ ಮೂಲಕ ಒಳಗಿಳಿದಾಗ ಎಷ್ಟು ಕ್ಷೇಮ ಎಂದು ಖಚಿತವಾಗಿ ಹೇಳುವಷ್ಟು ಪರೀಕ್ಷೆ ನಡೆದೇ ಇಲ್ಲ. ಗಾಯ ತೊಳೆಯುವ ಕ್ಲೋರ್‌ಹೆಕ್ಸಿಡಿನ್, ಸ್ಪಿರಿಟ್ ಕಿವಿಯೊಳಗೆ ಇಳಿಯಲೇಬಾರದು. ಎಲ್ಲಕ್ಕಿಂತ ಮೊದಲು ಕಿವಿಯ ಕೀವನ್ನು ಒರೆಸಿ ತೆಗೆಯಬೇಕು. ಕೀವಿನ ಮೇಲೆ ಯಾವ ಔಷಧ ಸುರಿದರೂ ಅದು ತಲುಪಬೇಕಾದಲ್ಲಿಗೆ ತಲುಪದು. ಇವೆಲ್ಲ ನನಗೆ ಮೊದಲೇ ಗೊತ್ತಿದ್ದವು. ಜಗಲಿಯ ಮೇಲೆ ನಿಂತು ‘ಕೊಳೆ ನಿಲ್ತದ’ ಎಂದು ಅರ್ಧ ಹೇಳಿ ಚಪ್ಪಾಳೆ ತೆಗೆದುಕೊಂಡಿದ್ದೆ. ಕೊನೆ ಸುಡದಂತೆ ಕತ್ತಿ ಅದ್ದಿ ನೋಡಿದ ಚೌಡಪ್ಪ, ಕಿವಿ ಸುಡುತ್ತದೋ ಇಲ್ಲವೋ ನೋಡುವ ಕತ್ತಿ ಯಾವುದು ಎಂದು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮಹಾಲಯ ಕಳೆಯಿತು, ದಸರೆ ಕಳೆಯಿತು. ಎರಡು ವಾರಕ್ಕೊಮ್ಮೆ ಗಂಡ ಹೆಂಡತಿ ಸಿದ್ದಾಪುರಕ್ಕೆ ಬರುತ್ತಿದ್ದರು. ಹೆಬ್ಬೆರಳು ದಿಟ್ಟಿಸುತ್ತ ತಲೆ ತಿರುಗಿಸುವುದು, ಗೆರೆಯ ಮೇಲೆ ನಡೆಯುವುದು, ದಿಂಬಿನ ಮೇಲೆ ನಿಲ್ಲುವುದು, ಹೇಳಿಕೊಟ್ಟ ವ್ಯಾಯಾಮಗಳನ್ನೆಲ್ಲ ಅವನು ಕೆಲಸದಂತೆಯೇ ಮಾಡಿದ. ಒಂದು ಬದಿಯ ಸಮತೋಲ ಅಂಗ ಕೆಟ್ಟರೆ ಮೆದುಳು ಇನ್ನೊಂದು ಬದಿಯಿಂದಲೂ ಕಣ್ಣಿನಿಂದಲೂ ಸಾಲ ತಂದು ಮೈಯನ್ನು ನಡೆಸುತ್ತದೆ. ದೀಪಾವಳಿಯ ಹೊತ್ತಿಗೆ ಅವನು ಗೋಡೆ ಹಿಡಿಯದೆ ಒಳಬಂದ. ಕೊಯ್ಲು ಹತ್ತಿರವಾಗಿತ್ತು.

“ಈ ವರ್ಷ ಹತ್ತಬಹುದಲ್ರಾ?” ಇದೊಂದೇ ಪ್ರಶ್ನೆ, ಪ್ರತಿ ಸಲ. ಮರ ಹತ್ತುವುದು ಬಿಟ್ಟು ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ, ಹದಿನೆಂಟಕ್ಕೆ ಹತ್ತಿದವನು. ಪಾರ್ವತಿ ನನ್ನ ಬಾಯನ್ನೇ ನೋಡುತ್ತಿದ್ದಳು. ಅವನು ಹೆಚ್ಚಾಗಿ ಹೋಗುತ್ತಿದ್ದ ತೋಟದ ಹೆಗಡೆಯವರು ಒಂದು ದಿನ ಫೋನ್ ಮಾಡಿದರು. ಅವರು ಯಾರೊಡನೆಯೂ ತಮ್ಮ ಮನೆಮಾತಿನಲ್ಲೇ ಮಾತಾಡುವವರು: “ಡಾಕ್ಟ್ರೇ, ಅಂವ ಮರ ಹತ್ತಲಕ್ಕಾ ಇಲ್ಯಾ, ಅಷ್ಟು ಹೇಳಿ. ಆನು ಬೇಡ ಅಂದ್ರೆ ಕೇಳ್ತ್ನಿಲ್ಲೆ.” ತಾವು ಬೇಡವೆಂದರೆ ಅವನು ಕೇಳುವುದಿಲ್ಲ, ಹತ್ತಬಹುದೋ ಇಲ್ಲವೋ ನಾನೇ ಹೇಳಬೇಕು ಎಂಬುದು ಅವರ ಮಾತು.

ಬೇಡ ಎನ್ನುವುದು ನನಗೂ ಸುಲಭವಿರಲಿಲ್ಲ. ಅವನ ಕಿವಿ ನನ್ನ ಮಾತಿನಿಂದ ಹೋಗಿತ್ತು, ಈಗ ಅವನ ಮರವನ್ನೂ ನನ್ನ ಮಾತಿನಿಂದಲೇ ಕಿತ್ತುಕೊಳ್ಳಬೇಕು. ಬಸ್ಸಿನಲ್ಲಿ ಮಂಪರು ಹತ್ತಿದಾಗಲೆಲ್ಲ ಮಂಜಿನೊಳಗೆ ಅವನು ಒಂದು ಮರದಿಂದ ಇನ್ನೊಂದಕ್ಕೆ ಮೆಲ್ಲಗೆ ತೇಲುತ್ತಿರುವುದು ಕಾಣುತ್ತಿತ್ತು. ನಾನು ಕೆಳಗೆ ನಿಂತು ‘ಹೋ’ ಎನ್ನಬೇಕು, ದನಿ ಬರುತ್ತಿರಲಿಲ್ಲ. ಕಂಡಕ್ಟರ್ ಸಿದ್ದಾಪುರ ಎಂದು ಕೂಗಿದಾಗ ಬೆಚ್ಚಿ ಏಳುತ್ತಿದ್ದೆ.

ಕಾರ್ತಿಕದ ಒಂದು ಬುಧವಾರ ಅವನು ತಾನೇ ಕೇಳಿದ: “ನಾನು ಸೀದ ನಡೀತೆ, ಗೆರೆ ಮೇಲೆ ನಡೀತೆ. ನಿಮ್ಮ ಕತ್ತಿ ಪರೀಕ್ಷೆ ಯಾವ್ದು ಡಾಕ್ಟ್ರೆ? ಅದನ್ನ ಮಾಡಿ ಬಿಡ್ರಿ.”

ಇತ್ತು ಅಂಥದೊಂದು. ಚಾಕಿನಿಂದ ನೆಲದ ಮೇಲೆ ಗುಣಾಕಾರದ ಗುರುತು ಹಾಕಿದೆ. ಅದರ ಮೇಲೆ ಬಾಗಿಲಿಗೆ ಮುಖಮಾಡಿ ನಿಂತು, ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ನಿಂತಲ್ಲೇ ಐವತ್ತು ಹೆಜ್ಜೆ ಹಾಕಬೇಕು. ಒಳಕಿವಿಗಳೆರಡೂ ಸರಿಯಿದ್ದವರು ಹೆಚ್ಚುಕಮ್ಮಿ ಹಾಗೇ ಉಳಿಯುತ್ತಾರೆ. ಒಂದು ಬದಿ ಸತ್ತಿದ್ದರೆ ಮೈ ತನಗೇ ತಿಳಿಯದಂತೆ ಆ ಬದಿಗೆ ತಿರುಗುತ್ತದೆ. ಕಣ್ಣು ತೆರೆದಿರುವಾಗ ಇದು ಗೊತ್ತಾಗುವುದಿಲ್ಲ. ಮರದ ತುದಿಯಲ್ಲಿ ಜೋಲಿ ಹೊಡೆಯುವಾಗ, ಸುತ್ತ ಬರೀ ಮಂಜು ಮತ್ತು ಆಕಾಶ ಇರುವಾಗ, ಕಣ್ಣು ತೆರೆದಿದ್ದರೂ ಮುಚ್ಚಿದ ಹಾಗೆಯೇ.

ಅವನು ಹೆಜ್ಜೆ ಹಾಕಿದ. ಪಾರ್ವತಿ ಎಣಿಸಿದಳು. ಹತ್ತು, ಹದಿನೈದು. ಅವನ ಮುಖ ಶಾಂತವಾಗಿತ್ತು, ಗಾಜಿನ ಕೋಣೆಯಲ್ಲಿ ಇದ್ದ ಹಾಗೆ. ಇಪ್ಪತ್ತಕ್ಕೆ ಅವನ ಎಡಭುಜ ಸ್ವಲ್ಪ ಹಿಂದೆ ಸರಿಯಿತು. ಮೂವತ್ತು. ಗಡಿಯಾರದ ಮುಳ್ಳು ಹಿಂದಕ್ಕೆ ಸರಿಯುವ ಹಾಗೆ, ಅಷ್ಟು ಮೆಲ್ಲಗೆ ಅವನು ತಿರುಗುತ್ತಿದ್ದ. ಎಣಿಸುವ ಪಾರ್ವತಿಯ ದನಿ ಸಣ್ಣಗಾಗುತ್ತ ಬಂತು. ನಲವತ್ತರ ನಂತರ ಅವಳ ತುಟಿ ಮಾತ್ರ ಅಲುಗಿತು. ಐವತ್ತು ಅಂದವಳು ನಾನು.

“ಸೀದ ಇದ್ದೆ ಅಲ್ರಾ?” ಎಂದು ಕೇಳುತ್ತಲೇ ಕಣ್ಣು ತೆರೆದ. ಎದುರಿಗೆ ಬಾಗಿಲಿರಲಿಲ್ಲ. ಎಡಗೋಡೆಯ ಕೈತೊಳೆಯುವ ತೊಟ್ಟಿ ಇತ್ತು, ಅದರ ಮೇಲಿನ ಕನ್ನಡಿಯಲ್ಲಿ ಅವನದೇ ಮುಖವಿತ್ತು. ಅವನು ಕಾಲಡಿಯ ಚಾಕಿನ ಗುರುತು ನೋಡಿದ. ಹೆಂಡತಿಯ ಕಡೆ ತಿರುಗಿದ. “ನೀ ಎಂತಾದ್ರೂ ನನ್ನ ಮುಟ್ಟಿದ್ಯನೆ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರಿತ್ತು.

ಅವನು ಬಗ್ಗಿ ಚಾಕಿನ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ, “ಕತ್ತಿಗೆ ಕೆಂಪು ಹತ್ತಿತು,” ಎಂದ. “ಹಂಗಾರೆ ಮರ ಹತ್ತದು ಬ್ಯಾಡ.” ನಾನು ಹೇಳಬೇಕಾಗಿದ್ದನ್ನು ಅವನೇ ಹೇಳಿ ಮುಗಿಸಿದ್ದ.

ನಾನು ಮೂರು ತಿಂಗಳಿಂದ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಆಗ ಉಗುಳಿದೆ. “ತಪ್ಪು ನಂದು, ಚೌಡಪ್ಪ. ಅವತ್ತು ನಾ ಹಂಗ ಹೇಳಬಾರದಿತ್ತು.”

ಅವನು ‘ಅಯ್ಯೋ ಬಿಡಿ’ ಎನ್ನುತ್ತಾನೆ ಎಂದುಕೊಂಡಿದ್ದೆ. ಅನ್ನಲಿಲ್ಲ. ಯೋಚಿಸಿದ. “ಹೌದು. ನಿಮ್ದು ಅರ್ಧ,” ಎಂದ. “ಕೇಳದೇ ಹಾಕಿದ್ದು ನಂದು ಅರ್ಧ.” ನಾನು ಅತ್ತೆ. ನರ್ಸು ಬಂದು ಮುಂದಿನ ರೋಗಿಯನ್ನು ಕಳಿಸಲೇ ಎಂದು ಕೇಳಿ ಹಾಗೇ ಹಿಂದೆ ಸರಿದಳು.

ಆ ವರ್ಷದ ಕೊಯ್ಲಿನಲ್ಲಿ ಪಾರ್ವತಿಯ ತಮ್ಮ ಮರ ಹತ್ತಿದ. ಹದಿನಾರು ವರ್ಷ ಹೆಂಡತಿ ಹಿಡಿದ ಹಗ್ಗವನ್ನು ಚೌಡಪ್ಪ ಹಿಡಿದ. ಮುಂದಿನ ಮಳೆಗಾಲಕ್ಕೆ ಊರಿನ ಎಲ್ಲರ ಔಷಧ ಬೆರೆಸುವ ಕೆಲಸ ಅವನಿಗೇ ಬಂತು; ಅವನ ಕೈಯ ಔಷಧಕ್ಕೆ ಕೊನೆ ಸುಟ್ಟದ್ದಿಲ್ಲವೆಂದು ಹೆಗಡೆಯವರು ಹೇಳುತ್ತಾರೆ. ಕೆಳಗೆ ನಿಂತರೂ ಮರ ನೋಡುವಾಗ ಅವನ ಕಾಲಬೆರಳು ತಾವಾಗಿ ಮಡಚಿಕೊಳ್ಳುತ್ತವಂತೆ. ಇದನ್ನು ಪಾರ್ವತಿ ನನಗೊಬ್ಬಳಿಗೇ ಹೇಳಿದ್ದು.

ಹೋಲಿಕೆ ಕೊಡುವ ಚಟ ನನ್ನನ್ನು ಪೂರ್ತಿ ಬಿಟ್ಟಿಲ್ಲ, ಹುಟ್ಟುಗುಣ. ಆದರೆ ಈಗ ಯಾರಿಗೆ ಏನು ಹೇಳಿದರೂ ಅಲ್ಲಿಗೆ ಬಿಡುವುದಿಲ್ಲ. “ಮನೀಗ್ ಹೋಗಿ ಏನ್ ಮಾಡ್ತೀರಿ, ನನಗ ಹೇಳ್ರಿ,” ಎಂದು ಕೇಳುತ್ತೇನೆ. ಅವರು ಹೇಳುವಾಗ ನನ್ನ ಮಾತು ಅವರ ತಲೆಯೊಳಗೆ ಹೋಗಿ ಏನಾಗಿದೆ ಎಂದು ಕಾಣುತ್ತದೆ. ಎಷ್ಟೋ ಸಲ ಗಾಬರಿಯಾಗುವಂಥದು ಕಂಡಿದೆ. ರೋಗಿಗೆ ಹೇಳಿದ್ದರಿಂದ ವೈದ್ಯರ ಕೆಲಸ ಮುಗಿಯುವುದಿಲ್ಲ, ಕೇಳಿಸಿಕೊಂಡ ಮೇಲೆ ಮುಗಿಯುತ್ತದೆ. ಕಿವಿಯ ವೈದ್ಯೆಗೆ ಇದು ತಿಳಿಯಲು ಇಪ್ಪತ್ತೊಂದು ವರ್ಷ ಬೇಕಾಯಿತು.

ಈಗ ನಾನು ವಾರಕ್ಕೆ ಎರಡೇ ದಿನ ಕೆಲಸ ಮಾಡುತ್ತೇನೆ, ಶಿಬಿರಗಳನ್ನು ಮಾತ್ರ ಬಿಟ್ಟಿಲ್ಲ. ಸಿದ್ದಾಪುರ ಕಡೆಯ ಶಿಬಿರಕ್ಕೆ ಚೌಡಪ್ಪ ತಪ್ಪದೆ ಬರುತ್ತಾನೆ. ಕಳೆದ ಸಲ ಅದೇ ಶಾಲೆ, ಅದೇ ಜಗಲಿ. ಕಿವಿ ಸೋರುವುದೆಂದರೆ ಏನು ಎಂಬಲ್ಲಿಗೆ ಬಂದು ನನ್ನ ನಾಲಿಗೆ ತಡವರಿಸಿತು. ಮುಂದಿನ ಸಾಲಿನಿಂದ ಅವನು ಎದ್ದು ನಿಂತ. ಜನರ ಕಡೆ ತಿರುಗಿ, ತನ್ನ ಎಡಕಿವಿಯನ್ನು ಬೆರಳಿನಿಂದ ತೋರಿಸಿ, ಮರದ ತುದಿಯಿಂದ ಕೆಳಗಿನವರಿಗೆ ಕೂಗುವ ಗಟ್ಟಿ ದನಿಯಲ್ಲಿ, “ಹೋ!” ಎಂದ.

ಕೂತವರೆಲ್ಲ ಅಭ್ಯಾಸಬಲದಿಂದ “ಹೋ” ಅಂದರು.

“ಈ ಕಿವಿಗೆ ಅದು ಕೇಳ್ಲಿಲ್ಲ,” ಎಂದು ಹೇಳಿ ಕೂತ. ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಹೋಗಿ ಅವನ ಬಲಕ್ಕೆ, ಕೇಳುವ ಕಿವಿಯ ಬದಿಗೆ ಕೂತು, ಉಳಿದದ್ದನ್ನು ಅಲ್ಲಿಂದಲೇ ಹೇಳಿದೆ.